ಮೊಳ ಅಂದರೆ ಯಾರ ಮೊಳ?

ನಿನ್ನೆ ಗಾಂಧಿ ಬಜಾರಿಗೆ ಹೂವು ತರಲು ಹೋಗಿದ್ದೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ, ಅಲ್ವಾ? ಆದರೆ ಯಾರ ಕೈ ಅಂತ ಯಾರೂ ಬರೆದಿಟ್ಟಿಲ್ಲ. ಅಳೆಯುವಾಗ ಹೂವಿನಜ್ಜಿ ಬೆರಳು ಮಡಿಸಿಕೊಂಡಿದ್ದರು.

"ಅಜ್ಜಿ, ಬೆರಳು ನೆಟ್ಟಗೆ ಮಾಡಿ."

"ವಾಯು ಹಿಡಿದಿದೆ ಕಣಮ್ಮ, ನೆಟ್ಟಗಾಗಲ್ಲ."

ನಾಚಿಕೆಯಾಗಿ ಇನ್ನೊಂದು ಮೊಳ ತಗೊಂಡೆ. ಆಮೇಲೆ ಚಿಲ್ಲರೆ ಎಣಿಸುವಾಗ ನೋಡುತ್ತೇನೆ, ಹತ್ತೂ ಬೆರಳು ವೀಣೆ ನುಡಿಸಿದ ಹಾಗೆ ಓಡುತ್ತಿವೆ! ಕೇಳಿಯೇಬಿಡೋಣ ಅನ್ನುವಷ್ಟರಲ್ಲಿ ಕೊಸರು ಅಂತ ನಾಲ್ಕು ಬಿಡಿ ಮಲ್ಲಿಗೆ ಹಾಕಿದರು. ಸುಮ್ನಾದೆ. ನಾಲ್ಕೇ ಹೂವಿಗೆ!

ಮನೆಗೆ ಬಂದು ನನ್ನ ಕೈಯಲ್ಲಿ ಅಳೆದೆ. ಎರಡು ಮೊಳ ಹೋಗಿ ಒಂದೂಮುಕ್ಕಾಲು. ಅತ್ತೆ ಅಳೆದರು, ಎರಡೂಕಾಲು. ಇನ್ಮೇಲೆ ನಮ್ಮನೆ ಲೆಕ್ಕಕ್ಕೆ ಅತ್ತೆಯ ಕೈಯೇ.