ನಮ್ಮ 18 ಸೆಂಟ್ ಮತ್ತು ಎಡ್ಮಂಡ್ ಗಂಟರ್

ಕಳೆದ ನವೆಂಬರ್‌ನಲ್ಲಿ ಮಳೆ ಪೂರ್ತಿ ಬಿಟ್ಟ ಮೇಲೆ ನಮ್ಮ ತೋಟಕ್ಕೆ ಹದ್ದುಬಸ್ತು ಮಾಡಿಸಿದೆವು. ನಾಪೋಕ್ಲು ಕಡೆಯ ಸಣ್ಣ ತೋಟ. ಮೇಲೆ ರಸ್ತೆ, ಕೆಳಗೆ ತೋಡು, ನಡುವೆ ರೊಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸು. ಅಜ್ಜ ಪಾಲು ಮಾಡಿ ಕೊಟ್ಟಾಗಿನಿಂದ ಅದು 3 ಏಕರೆ ಅಂತಲೇ ನಮ್ಮ ಲೆಕ್ಕ. ಸರ್ವೆಯವರು ರೋವರ್ (ಉಪಗ್ರಹದ ಸಂಕೇತದಿಂದ ಜಾಗ ಗುರುತಿಸುವ ಉಪಕರಣ) ಹಿಡಿದು ಮೂಲೆಯಿಂದ ಮೂಲೆಗೆ ಹತ್ತಿ ಇಳಿದು, ಸಂಜೆ ಹೊತ್ತಿಗೆ ಹೇಳಿದ್ದು 2 ಏಕರೆ 82 ಸೆಂಟ್.

ಏಕರೆಗೆ ನೂರು ಸೆಂಟ್. ಹಾಗಾದರೆ 18 ಸೆಂಟ್ ಎಲ್ಲಿ ಹೋಯಿತು?

ಅಪ್ಪನಿಗೆ ಪಕ್ಕದ ತೋಟದವರ ಮೇಲೆ ಅನುಮಾನ. ಬೇಲಿ ಬಿದ್ದು ವರ್ಷಗಳೇ ಆಗಿದ್ದವು, ಅವರ ಕಡೆಯ ಕಾಫಿ ಸಾಲು ನಮ್ಮ ಕಡೆಗೆ ಸರಿದ ಹಾಗೆ ಕಾಣುತ್ತಿತ್ತು. ನನಗೂ ಹಾಗೇ ಅನ್ನಿಸಿತು. ಎರಡು ವಾರ ಎರಡೂ ಮನೆಯವರು ದಾರಿಯಲ್ಲಿ ಸಿಕ್ಕರೂ ತಲೆ ತಗ್ಗಿಸಿಕೊಂಡೇ ಹೋದೆವು. ಆಮೇಲೆ ಒಂದು ದಿನ ಅಟ್ಟದಲ್ಲಿ ಅಜ್ಜ ಜಾಗ ಅಳೆಯುತ್ತಿದ್ದ ಸರಪಳಿ, ಅಂದರೆ ಚೈನು, ಸಿಕ್ಕಿತು, ಅದರ ಜೊತೆಗೆ ಪಾಲಿನ ಚೀಟಿಯೂ. ಅಜ್ಜ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಲೆಕ್ಕದಲ್ಲಿ ಬಹಳ ಖಡಕ್. ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಉದ್ದ 10 ಚೈನು, ಅಗಲ 3 ಚೈನು, ಒಟ್ಟು 3 ಏಕರೆ.

ಸರಪಳಿಯನ್ನು ಅಂಗಳಕ್ಕೆ ತಂದು ಸೀಮೆಎಣ್ಣೆ ಹಾಕಿ ಉಜ್ಜಿದೆ. ಎರಡೂ ತುದಿಗೆ ಹಿತ್ತಾಳೆಯ ಹಿಡಿ. ಒಂದೊಂದು ಕೊಂಡಿಯೂ ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದು, ನಡುನಡುವೆ ಪುಟ್ಟ ಉಂಗುರಗಳು. ಹತ್ತು ಕೊಂಡಿಗೆ ಒಂದು ಹಿತ್ತಾಳೆ ಬಿಲ್ಲೆ, ಅದಕ್ಕೆ ಒಂದು ಹಲ್ಲು. ಇಪ್ಪತ್ತಕ್ಕೆ ಎರಡು ಹಲ್ಲು, ಮೂವತ್ತಕ್ಕೆ ಮೂರು, ನಲವತ್ತಕ್ಕೆ ನಾಲ್ಕು. ಸರಿಯಾಗಿ ಮಧ್ಯಕ್ಕೆ, ಐವತ್ತರಲ್ಲಿ, ಗುಂಡನೆಯ ಬಿಲ್ಲೆ. ಅಲ್ಲಿಂದಾಚೆ ಮತ್ತೆ ನಾಲ್ಕು, ಮೂರು, ಎರಡು, ಒಂದು. ಮಣ್ಣಲ್ಲಿ, ಮಬ್ಬು ಬೆಳಕಲ್ಲಿ, ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬೆರಳಿಂದ ಮುಟ್ಟಿ ಎಷ್ಟನೇ ಕೊಂಡಿ ಅಂತ ಹೇಳಬಹುದು. ಎಷ್ಟು ಯೋಚನೆ ಮಾಡಿ ಮಾಡಿದ ವಸ್ತು ಅಂತ ಅದನ್ನು ಹಿಡಿದುಕೊಂಡೇ ತುಂಬಾ ಹೊತ್ತು ಕೂತಿದ್ದೆ.

ಇದಕ್ಕೆ ಗಂಟರ್ ಚೈನು ಅಂತ ಹೆಸರು. ಎಡ್ಮಂಡ್ ಗಂಟರ್ ಇಂಗ್ಲೆಂಡಿನ ಗಣಿತಜ್ಞ, ಹುಟ್ಟಿದ್ದು 1581ರಲ್ಲಿ, ಹರ್ಟ್‌ಫರ್ಡ್‌ಶೈರ್‌ನಲ್ಲಿ. ಮನೆತನ ವೇಲ್ಸ್ ಮೂಲದ್ದು. ವೆಸ್ಟ್‌ಮಿನ್‌ಸ್ಟರ್ ಶಾಲೆ, ಆಮೇಲೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು. ಓದಿದ್ದು ಧರ್ಮಶಾಸ್ತ್ರ. 1615ರಲ್ಲಿ ಲಂಡನ್ನಿನ ಸದರ್ಕ್‌ನ ಸೇಂಟ್ ಜಾರ್ಜ್ ಚರ್ಚಿಗೆ ಪಾದ್ರಿಯಾದ, ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. ಆದರೆ ಅವನ ಜೀವ ಇದ್ದದ್ದು ಅಳತೆಯ ಉಪಕರಣಗಳಲ್ಲಿ.

ಅವನ ಸರಪಳಿ 66 ಅಡಿ, 100 ಕೊಂಡಿ. ಈ 66 ಯಾಕೆ ಅಂತ ಮೊದಲು ನನಗೆ ಅರ್ಥವೇ ಆಗಿರಲಿಲ್ಲ. ಇಂಗ್ಲೆಂಡಿನ ರೈತರು ಹೊಲ ಅಳೆಯುತ್ತಿದ್ದದ್ದು ರಾಡ್ ಅನ್ನುವ ಹದಿನಾರೂವರೆ ಅಡಿಯ ಕೋಲಿನಿಂದ. ನಾಲ್ಕು ಕೋಲು ಅಗಲ, ನಲವತ್ತು ಕೋಲು ಉದ್ದ ಅಂದರೆ ಒಂದು ಏಕರೆ. ಇದರಲ್ಲಿ ಗುಣಾಕಾರ ಮಾಡುವುದು ತಲೆನೋವಿನ ಕೆಲಸ. ಗಂಟರ್ ಜನರ ಹಳೆಯ ಕೋಲನ್ನು ಕಿತ್ತುಹಾಕಲಿಲ್ಲ. ನಾಲ್ಕು ಕೋಲು ಸೇರಿಸಿ ಒಂದು ಸರಪಳಿ ಮಾಡಿದ, ಅದನ್ನು ನೂರು ಭಾಗ ಮಾಡಿದ. ಈಗ 10 ಚದರ ಸರಪಳಿ ಅಂದರೆ ಒಂದು ಏಕರೆ. ಉದ್ದ ಅಗಲ ಗುಣಿಸಿ ಚುಕ್ಕಿಯನ್ನು ಒಂದು ಮನೆ ಸರಿಸಿದರೆ ಏಕರೆ ಲೆಕ್ಕ ಬಂತು. ಅಜ್ಜನ ಚೀಟಿಯಲ್ಲಿ ಇರುವುದು ಇದೇ: 10 ಗುಣಿಸು 3, ಮೂವತ್ತು, ಅಂದರೆ 3 ಏಕರೆ. ದಶಮಾಂಶ ಅನ್ನುವುದೇ ಆಗಿನ್ನೂ ಹೊಸದು, ಅಂಥ ಕಾಲದಲ್ಲಿ ಈ ಮನುಷ್ಯ ಅದನ್ನು ಹೊಲಕ್ಕೆ ಇಳಿಸಿದ್ದ.

ನಾವು ಕೊಡಗಿನವರು ದಿನಾ ಬಾಯಲ್ಲಿ ಹೇಳುವ ಸೆಂಟ್ ಇದೆಯಲ್ಲ, ಏಕರೆಯ ನೂರರಲ್ಲೊಂದು ಪಾಲು, 435.6 ಚದರ ಅಡಿ, ಅದು ಗಂಟರ್ ಲೆಕ್ಕದಲ್ಲಿ ಸರಿಯಾಗಿ 1000 ಚದರ ಕೊಂಡಿ. ಮೈಸೂರು ಕಡೆಯ ಗೆಳೆಯರು ಗುಂಟೆ ಅನ್ನುತ್ತಾರೆ. ಅದು 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಅರ್ಧ ಸರಪಳಿಯ ಚೌಕ. ಕಾವೇರಿ ಮೇಲೂ ಕೆಳಗೂ ಅಳತೆ ಒಬ್ಬನದೇ! ಅಷ್ಟೇ ಅಲ್ಲ, ಕ್ರಿಕೆಟ್ ಪಿಚ್‌ನ 22 ಗಜವೂ ಒಂದು ಸರಪಳಿ.

ಸರಿ, ಅಜ್ಜನ ಲೆಕ್ಕದಲ್ಲಿ ತಪ್ಪಿಲ್ಲ, ಸರಪಳಿಯಲ್ಲೂ ತಪ್ಪಿಲ್ಲ. ಹಾಗಾದರೆ 18 ಸೆಂಟ್?

ಒಂದು ಭಾನುವಾರ ನಾನು, ಚಿಕ್ಕಪ್ಪನ ಮಗ ಇಬ್ಬರೂ ಸರಪಳಿ ಹಿಡಿದು ರಸ್ತೆಯಿಂದ ತೋಡಿನ ಕಡೆಗೆ ಅಳೆಯುತ್ತಾ ಇಳಿದೆವು. ನೆಲಕ್ಕೆ ತಾಗಿಸಿಕೊಂಡೇ ಎಳೆದೆವು. ಕಾಫಿ ಬುಡ ತಪ್ಪಿಸಿ, ತರಗೆಲೆ ಸರಿಸಿ, ಒಂದು, ಎರಡು, ಮೂರು. ಹತ್ತನೇ ಸರಪಳಿಯ ಹಿಡಿ ತೋಡಿನ ಅಂಚಿನ ಕಲ್ಲಿಗೆ ಹೋಗಿ ತಾಗಿತು. ಸರಿಯಾಗಿ 10! ಒಂದು ಕೊಂಡಿಯೂ ಕಮ್ಮಿ ಇಲ್ಲ. ಅಗಲವನ್ನೂ ನೋಡಿದೆವು, ಅದು ಹೆಚ್ಚು ಕಮ್ಮಿ ಮಟ್ಟದ ನೆಲ, ಅಲ್ಲೂ 3 ಚೈನು ಸರಿಯಾಗಿ ಬಂತು. ಅಂದರೆ ಪಕ್ಕದವರು ಒಂದು ಅಡಿಯನ್ನೂ ಒತ್ತಿರಲಿಲ್ಲ. ನನಗೆ ಅಲ್ಲೇ ಮುಖ ಕೆಂಪಗಾಯಿತು.

ಆಗ ಹೊಳೆದದ್ದು ಇಳಿಜಾರು. ಸರ್ವೆಯಲ್ಲಿ ಜಾಗ ಅಂದರೆ ಮೇಲಿಂದ ನೇರ ನೋಡಿದಾಗ ಕಾಣುವ ಮಟ್ಟದ ಜಾಗ, ಗುಡ್ಡದ ಮೈಯ ಉದ್ದ ಅಲ್ಲ. ನಕ್ಷೆ ಚಪ್ಪಟೆ. ಹಳೆಯ ಚೈನ್‌ಮನ್‌ಗಳು ಇದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಿದ್ದರು. ನಾವೂ ಮಾಡಿ ನೋಡಿದೆವು. ನಾನು ಮೇಲಿನ ತುದಿಯನ್ನು ಒಂದು ಕಾಫಿ ಗಿಡದ ಬುಡಕ್ಕೆ ಒತ್ತಿ ಕೂತೆ. ಅವನು 25 ಕೊಂಡಿಯಷ್ಟೇ ಹಿಡಿದು ಕೆಳಗೆ ಹೋಗಿ, ಸರಪಳಿಯನ್ನು ಮಟ್ಟಕ್ಕೆ ಬಿಗಿಯಾಗಿ ಎಳೆದ. ಹದಿನಾರೂವರೆ ಅಡಿ ಹೋಗುವಷ್ಟರಲ್ಲಿ ಸರಪಳಿ ಅವನ ತಲೆಗಿಂತ ಮೇಲೆ! ದಾರಕ್ಕೆ ಕಟ್ಟಿದ ಕಲ್ಲನ್ನು ಅಲ್ಲಿಂದ ಇಳಿಬಿಟ್ಟು, ಅದು ನೆಲ ಮುಟ್ಟಿದ ಜಾಗಕ್ಕೆ ಒಂದು ಗೂಟ. ಮತ್ತೆ ಅಲ್ಲಿಂದ ಮುಂದಿನ 25. ಪೂರ್ತಿ 66 ಅಡಿ ಒಟ್ಟಿಗೆ ಹಿಡಿದರೆ ಆಗುವುದಿಲ್ಲ, ಭಾರಕ್ಕೆ ನಡುವಲ್ಲಿ ಜೋತುಬೀಳುತ್ತದೆ, ಅಷ್ಟು ಎತ್ತರಕ್ಕೆ ಕೈಯೂ ಎಟಕುವುದಿಲ್ಲ. ಹೀಗೆ ತೋಡಿನವರೆಗೆ ಇಳಿಯುವಾಗ ಬೆನ್ನು ಬಿದ್ದುಹೋಯಿತು. ಬಂದ ಲೆಕ್ಕ ಸುಮಾರು 9 ಚೈನು 40 ಕೊಂಡಿ.

9.4 ಗುಣಿಸು 3, 28.2. ಅಂದರೆ 2 ಏಕರೆ 82 ಸೆಂಟ್.

ಮನೆಗೆ ಬಂದು ಕಾಗದದ ಮೇಲೆ ನೋಡಿದೆ. ನಮ್ಮ ಇಳಿಜಾರು ಸರಾಸರಿ 20 ಡಿಗ್ರಿ. 20 ಡಿಗ್ರಿಯ ಕೊಸೈನ್, ಅಂದರೆ ಅಷ್ಟು ಓರೆಯಾದ ಉದ್ದದಲ್ಲಿ ಮಟ್ಟಕ್ಕೆ ಸಿಗುವ ಪಾಲು, 0.94. ಹತ್ತು ಸರಪಳಿಯನ್ನು ಅದರಿಂದ ಗುಣಿಸಿದರೆ 9.4. ಅಷ್ಟೇ ವಿಷಯ. ಬೆನ್ನು ಮುರಿದು ಅಳೆದದ್ದು ಒಂದು ಸಾಲಿನಲ್ಲಿ ಬಂತು. ಈ ಕೊಸೈನ್ ಅನ್ನುವ ಹೆಸರನ್ನು ಇಟ್ಟವನೂ ಇದೇ ಗಂಟರ್! 1620ರಲ್ಲಿ ಅವನು ಸೈನ್ ಮತ್ತು ಟ್ಯಾಂಜೆಂಟ್‌ಗಳ ಲಾಗರಿದಮ್ (ಗುಣಾಕಾರವನ್ನು ಕೂಡುವ ಲೆಕ್ಕಕ್ಕೆ ಇಳಿಸುವ ಸಂಖ್ಯೆ) ಕೋಷ್ಟಕ ಅಚ್ಚು ಹಾಕಿಸಿದ, ಹತ್ತರ ಆಧಾರದಲ್ಲಿ, ಏಳು ದಶಮಾಂಶ ಸ್ಥಾನದವರೆಗೆ. ಅಂಥ ಕೋಷ್ಟಕಗಳಲ್ಲಿ ಅದೇ ಮೊದಲನೆಯದು. ಪೂರಕ ಕೋನದ ಸೈನ್ ಅಂತ ಉದ್ದಕ್ಕೆ ಹೇಳುವ ಬದಲು ಚುಟುಕಾಗಿ ಕೊಸೈನಸ್ ಅಂತ ಬರೆದ. ಕೊಟ್ಯಾಂಜೆಂಟೂ ಅವನದೇ. ಹೆಸರು ಅವನದು, ಪರಿಕಲ್ಪನೆ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹಳೆಯದು ಅನ್ನುವುದನ್ನೂ ಹೇಳಬೇಕು. ನಮ್ಮವರು ಜ್ಯಾ, ಕೋಟಿಜ್ಯಾ ಅನ್ನುತ್ತಿದ್ದರು. ಆ ಜ್ಯಾ ಅರಬ್ಬರ ಕೈ ದಾಟಿ ಲ್ಯಾಟಿನ್‌ಗೆ ಹೋಗಿ ಸೈನಸ್ ಆದದ್ದು.

ಗಂಟರ್ ಬಗ್ಗೆ ಓದುತ್ತಾ ಹೋದಾಗ ನನಗೆ ತುಂಬಾ ಬೇಜಾರಾದ ಒಂದು ಪ್ರಸಂಗ ಇದೆ. 1619ರಲ್ಲಿ ಸರ್ ಹೆನ್ರಿ ಸಾವಿಲ್ ಆಕ್ಸ್‌ಫರ್ಡಿನಲ್ಲಿ ಜ್ಯಾಮಿತಿಗೆ ಅಂತ ಒಂದು ಪೀಠ ಶುರು ಮಾಡಿದ. ಆ ಕೆಲಸಕ್ಕೆ ಮೊದಲು ಕರೆಸಿದ್ದು ಗಂಟರ್‌ನನ್ನು. ಅವನು ತನ್ನ ಸೆಕ್ಟರು, ಕ್ವಾಡ್ರೆಂಟು ಅನ್ನುವ ಅಳತೆಯ ಉಪಕರಣಗಳನ್ನೆಲ್ಲ ಹೊತ್ತುಕೊಂಡು ಹೋಗಿ, ತ್ರಿಕೋನಗಳನ್ನು ಬಿಡಿಸಿ ತೋರಿಸತೊಡಗಿದನಂತೆ. ಸಾವಿಲ್ ಹೇಳಿದ್ದು: ಇದನ್ನು ಜ್ಯಾಮಿತಿ ಪಾಠ ಅಂತೀಯೇನಯ್ಯಾ? ಇದು ಕೈಚಳಕ ತೋರಿಸುವುದು! ಹಾಗೆಂದು ವಾಪಸ್ ಕಳಿಸಿ ಹೆನ್ರಿ ಬ್ರಿಗ್ಸ್‌ನನ್ನು ಕರೆಸಿಕೊಂಡ. ಇದನ್ನು ಬರೆದಿಟ್ಟದ್ದು ಅದೇ ಶತಮಾನದ ಜಾನ್ ಆಬ್ರಿ. ಸಾವಿಲ್ ಸಾಮಾನ್ಯ ಪಂಡಿತನಲ್ಲ, ಬ್ರಿಗ್ಸ್ ಕೂಡ ದೊಡ್ಡ ಗಣಿತಜ್ಞ, ಗಂಟರ್‌ನ ಸ್ನೇಹಿತ ಬೇರೆ. ಆದರೂ ಆ ಮಾತು ನನಗೆ ಅನ್ಯಾಯ ಅನ್ನಿಸುತ್ತದೆ. ಯೂಕ್ಲಿಡ್‌ನ ಸಿದ್ಧಾಂತವನ್ನು ಒಬ್ಬ ನಾವಿಕ, ಒಬ್ಬ ಹೊಲ ಅಳೆಯುವವ ಕೈಯಲ್ಲಿ ಹಿಡಿಯುವ ಹಾಗೆ ಮಾಡುವುದು ಸುಮ್ನೆ ಕೈಚಳಕ ಹೇಗಾಗುತ್ತದೆ? ಅದಕ್ಕೆ ಗಣಿತ ಜಾಸ್ತಿ ಗೊತ್ತಿರಬೇಕು, ಅಲ್ವಾ?

ಅವನಿಗೆ ಸರಿಯಾದ ಜಾಗ ಲಂಡನ್ನಿನಲ್ಲೇ ಸಿಕ್ಕಿತು. ಗ್ರೆಶಮ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರೊಫೆಸರ್. ಅಲ್ಲಿ ಊರಿನವರು ಯಾರು ಬೇಕಾದರೂ ಬಂದು ಉಪನ್ಯಾಸ ಕೇಳಬಹುದಿತ್ತು, ಲ್ಯಾಟಿನ್ ಬಾರದವರಿಗೆ ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ಅವನು ಲಾಗರಿದಮ್ ಸಂಖ್ಯೆಗಳನ್ನು ಒಂದು ಮರದ ಪಟ್ಟಿಯ ಮೇಲೆ ಗೆರೆಗಳಾಗಿ ಕೊರೆದ. ಕೈವಾರದಿಂದ ಒಂದು ಉದ್ದ ಹಿಡಿದು ಇನ್ನೊಂದರ ಮುಂದೆ ಇಟ್ಟರೆ ಗುಣಾಕಾರ ಮುಗಿಯಿತು. ಹಡಗಿನವರು ಅದನ್ನು ನೂರಾರು ವರ್ಷ ಬಳಸಿದರು. ಅಂಥ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ಜಾರಿಸಿದ್ದು ವಿಲಿಯಂ ಔಟ್ರೆಡ್, ಅದೇ ಮುಂದೆ ಸ್ಲೈಡ್ ರೂಲ್ ಆಯಿತು.

1622ರಲ್ಲಿ ಅವನು ಡೆಟ್‌ಫರ್ಡ್‌ನಲ್ಲಿ ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ವಾಲಿದೆ ಅಂತ ಅಳೆದ. 1580ರಲ್ಲಿ ವಿಲಿಯಂ ಬರೋ ಅಳೆದಾಗ ಸುಮಾರು 11 ಡಿಗ್ರಿ ಇತ್ತು. ಗಂಟರ್‌ಗೆ ಸಿಕ್ಕಿದ್ದು 6 ಡಿಗ್ರಿಯ ಹತ್ತಿರ. ಮುಳ್ಳೇ ಕಾಲಕಾಲಕ್ಕೆ ಸರಿಯುತ್ತದೆ ಅಂತ ಖಚಿತವಾಗಿ 1635ರಲ್ಲಿ ಹೇಳಿದ್ದು, ಗ್ರೆಶಮ್‌ನಲ್ಲಿ ಅವನ ನಂತರ ಬಂದ ಹೆನ್ರಿ ಗೆಲಿಬ್ರಾಂಡ್. ಅದನ್ನು ನೋಡಲು ಗಂಟರ್ ಇರಲಿಲ್ಲ. 1626ರ ಡಿಸೆಂಬರ್ 10ರಂದು, ಬರೀ 45ನೇ ವಯಸ್ಸಿಗೆ ತೀರಿಕೊಂಡಿದ್ದ.

ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಮೊದಲು ನಂಬಲಿಲ್ಲ. ಊಟದ ಮೇಜಿನ ಮೇಲೆ ಒಂದು ಪುಸ್ತಕವನ್ನು ಓರೆಯಾಗಿ ಇಟ್ಟು, ಮೇಲಿಂದ ಟಾರ್ಚ್ ಬಿಟ್ಟು ನೆರಳು ತೋರಿಸಿದೆ. ಪುಸ್ತಕ ಓರೆಯಾದಷ್ಟೂ ನೆರಳು ಗಿಡ್ಡವಾಯಿತು. ಅಪ್ಪ ಪುಸ್ತಕವನ್ನು ಕೈಯಲ್ಲಿ ಎತ್ತಿ ಇಳಿಸಿ ಮೂರು ನಾಲ್ಕು ಸಲ ನೋಡಿದರು. ಮಾರನೇ ದಿನ ಬೆಳಿಗ್ಗೆ ಪಕ್ಕದ ತೋಟಕ್ಕೆ ಹೋಗಿ, ಅವರ ಯಜಮಾನರನ್ನು ಕರೆದುಕೊಂಡು ಬಂದು, ಅವರ ಮುಂದೆಯೂ ಅದೇ ಪುಸ್ತಕ ಓರೆ ಮಾಡಿ ತೋರಿಸಿದರು. ಅವರ ಚೀಟಿಯಲ್ಲೂ ಜಾಗ ಜಾಸ್ತಿ, ಸರ್ವೆಯಲ್ಲಿ ಕಮ್ಮಿಯಂತೆ. ಅವರೂ ನಮ್ಮ ಮೇಲೆ ಅನುಮಾನ ಇಟ್ಟುಕೊಂಡಿದ್ದರು.

ಈಗ ಇಬ್ಬರೂ ಸೇರಿ ಬೇಲಿ ಹಾಕಿಸುತ್ತಿದ್ದೇವೆ. ತಂತಿ ತರಲು ಹೊರಟಾಗ ಉದ್ದ ಎಷ್ಟು ಅಂತ ಕೇಳಿದರು. ಸರ್ವೆ ನಕ್ಷೆ ನೋಡಿ ಹೇಳಹೊರಟ ನಾನು ಅಲ್ಲೇ ತಡೆದೆ. ತಂತಿ ಹೋಗುವುದು ಗುಡ್ಡದ ಮೈ ಮೇಲೆ. ಅದಕ್ಕೆ ಬೇಕಾದದ್ದು ಅಜ್ಜ ಅಳೆದ ಲೆಕ್ಕವೇ, 10 ಚೈನು, 660 ಅಡಿ. ಕಂಬಗಳ ಅಂತರಕ್ಕೂ ಅಜ್ಜನ ಸರಪಳಿಯನ್ನೇ ನೆಲಕ್ಕೆ ಹಾಸಿದೆವು. 15 ಕೊಂಡಿಗೆ ಒಂದು ಗುಂಡಿ, ಹತ್ತಡಿಗೆ ಒಂದಿಂಚು ಕಮ್ಮಿ. ಮೇಲಿಂದ ತೋಡಿನವರೆಗೆ 68 ಕಂಬ ಬೇಕಾದವು.