ತೆಂಗಿನ ಬುಡಕ್ಕೆ ಹೋದ ಟ್ಯೂನರ್

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ತೋಟದಲ್ಲಿ ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ತಂತಿ ಕಟ್ಟಿದ್ದೆ. 7 ಮೆಗಾಹರ್ಟ್ಸ್‌ನ ಹ್ಯಾಮ್ (ಹವ್ಯಾಸಿ ರೇಡಿಯೋ) ಬ್ಯಾಂಡಿಗೆ ಅಷ್ಟುದ್ದದ ಡೈಪೋಲ್, ಅಂದರೆ ಮಧ್ಯದಲ್ಲಿ ಕೇಬಲ್ ಜೋಡಿಸಿದ ತಂತಿ ಆಂಟೆನಾ, ಸರಿಯಾಗುತ್ತದೆ. ಆದರೆ ನನಗೆ 14 ಮೆಗಾಹರ್ಟ್ಸ್ ಕೂಡ ಬೇಕಿತ್ತು. ಅದಕ್ಕೇ ಆಂಟೆನಾವನ್ನು ರೇಡಿಯೋಗೆ ಹೊಂದಿಸಿಕೊಡುವ ಆಟೋಮ್ಯಾಟಿಕ್ ಟ್ಯೂನರ್ ತಂದು ರೇಡಿಯೋ ಪಕ್ಕ ಮೇಜಿನ ಮೇಲಿಟ್ಟೆ.

ಬಟನ್ ಒತ್ತಿದರೆ ಒಳಗೆ ಟಕಟಕ ಸದ್ದು. "ಎಂತ ಅದು, ಹಲ್ಲಿಯಾ?" ಅಂತ ಅಮ್ಮ ಕೇಳಿದರು. ಅದು ರಿಲೇಗಳ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್‌ಗಳ ಸದ್ದು. ಒಳಗೆ ಸಾಲಾಗಿ ಕಾಯಿಲ್‌ಗಳು, ಕೆಪಾಸಿಟರ್‌ಗಳು. ಒಂದಕ್ಕಿಂತ ಮುಂದಿನದು ಎರಡು ಪಟ್ಟು. ಒಂದೊಂದನ್ನೂ ರಿಲೇ ಸೇರಿಸುತ್ತದೆ, ಇಲ್ಲವೇ ಬಿಡುತ್ತದೆ. ಎಂಟು ಕಾಯಿಲ್, ಎಂಟು ಕೆಪಾಸಿಟರ್ ಇದ್ದರೆ 256ನ್ನು 256ರಿಂದ ಗುಣಿಸಿದಷ್ಟು, ಅಂದರೆ 65,536 ಜೋಡಣೆ. ಕೆಪಾಸಿಟರ್‌ಗಳನ್ನು ಕಾಯಿಲಿನ ರೇಡಿಯೋ ಕಡೆಗೂ ಹಾಕಬಹುದು, ಆಂಟೆನಾ ಕಡೆಗೂ ಹಾಕಬಹುದು. ಹಾಗಾಗಿ ಅದರ ಎರಡರಷ್ಟು. ಹೋಗುವ ಪವರ್ ಎಷ್ಟು, ತಿರುಗಿ ಬರುವುದು ಎಷ್ಟು ಅಂತ ಒಂದು ಚಿಪ್ ಅಳೆಯುತ್ತಾ ಇರುತ್ತದೆ. ರೇಡಿಯೋಗೆ ಬೇಕಾದ 50 ಓಮ್ ತಡೆ ಕಂಡರೆ ಹುಡುಕಾಟ ನಿಲ್ಲುತ್ತದೆ. ಆ ಜೋಡಣೆಯನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಅದೇ ಫ್ರೀಕ್ವೆನ್ಸಿಗೆ ಬಂದಾಗ ಕ್ಷಣದಲ್ಲಿ ಹಾಕುತ್ತದೆ. ಟ್ಯೂನ್ ಮಾಡುವಾಗ 10 ವ್ಯಾಟ್ ಸಾಕು. ಪೂರ್ತಿ 100 ವ್ಯಾಟ್ ಕೊಟ್ಟು ರಿಲೇ ಕುಣಿಸಿದರೆ ಕಾಂಟ್ಯಾಕ್ಟ್ ಸುಟ್ಟುಹೋಗಬಹುದು.

14ರಲ್ಲಿ ಎಸ್‌ಡಬ್ಲ್ಯೂಆರ್ (ಹೊಂದಿಕೆಯ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) 1.2 ತೋರಿಸಿತು. ಖುಷಿಯಾಯಿತು. ಆದರೆ ಎಷ್ಟು ಕರೆದರೂ ಯಾರೂ ಉತ್ತರಿಸಲಿಲ್ಲ!

ಕಾರಣ ಗೊತ್ತಾಗಲು ಎರಡು ವಾರ ಬೇಕಾಯಿತು. 7ಕ್ಕೆ ಕಟ್ಟಿದ ಡೈಪೋಲ್ 14ರಲ್ಲಿ ಮಧ್ಯದಲ್ಲಿ ಸಾವಿರಾರು ಓಮ್ ತೋರಿಸುತ್ತದೆ. ಟ್ಯೂನರ್ ಸಮಾಧಾನ ಮಾಡಿದ್ದು ರೇಡಿಯೋವನ್ನು ಮಾತ್ರ. ಟ್ಯೂನರಿನಿಂದ ತಂತಿವರೆಗಿನ 30 ಮೀಟರ್ ಕೋಆಕ್ಸ್ ಕೇಬಲ್ಲಿನಲ್ಲಿ ಪವರ್ ಹಿಂದೆ ಮುಂದೆ ಓಡಾಡಿ, ಜಾಸ್ತಿ ಪಾಲು ಅಲ್ಲೇ ಬಿಸಿಯಾಗಿ ಮುಗಿಯುತ್ತಿತ್ತು. ಮೀಟರ್ ನೋಡಿದರೆ ಎಲ್ಲ ಸರಿ. ಈ ಮಾತನ್ನು ಹೊಸಬರಿಗೆ ಮೊದಲೇ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಆಮೇಲೆ ಮಳೆ ತಡೆಯುವ ಟ್ಯೂನರ್ ಒಂದನ್ನು ಡಬ್ಬಿಯೊಳಗಿಟ್ಟು ತೆಂಗಿನ ಬುಡಕ್ಕೇ ಕಟ್ಟಿದೆ. ಅಲ್ಲಿಂದ 58 ಅಡಿ ತಂತಿ ಮೇಲಕ್ಕೆ ಹೋಗಿ ಪಕ್ಕದ ಮರಕ್ಕೆ ಓರೆಯಾಗಿ ಇಳಿಯುತ್ತದೆ. ಆ ಉದ್ದವನ್ನು ಬೇಕೆಂದೇ ಆರಿಸಿದ್ದು. 7, 14, 21, 28 ಯಾವ ಬ್ಯಾಂಡಿನಲ್ಲೂ ಅದು ಅರ್ಧ ತರಂಗದ ಉದ್ದಕ್ಕೋ ಅದರ ಪಟ್ಟುಗಳಿಗೋ ಸರಿಯಾಗಿ ಬೀಳುವುದಿಲ್ಲ. ಬಿದ್ದರೆ ಓಮ್ ವಿಪರೀತ ಏರಿ ಟ್ಯೂನರ್ ಸೋಲುತ್ತದೆ. ಈಗ ಕೋಆಕ್ಸಿನಲ್ಲಿ ಹೋಗುವುದು ಹೊಂದಿಕೆಯಾದ ಪವರ್, ಹಾಗಾಗಿ ನಷ್ಟ ಕಡಿಮೆ. ಮೊದಲ ಸಂಜೆಯೇ 14ರಲ್ಲಿ ಇಟಲಿಯವರೊಬ್ಬರು ಸಿಕ್ಕರು.

ಮಳೆಗಾಲದಲ್ಲಿ ಒದ್ದೆ ಮಡಲು ತಂತಿಗೆ ತಾಗಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಟ್ಯೂನ್ ಮಾಡಬೇಕು. ಗುಡುಗು ಕೇಳಿದ ಕೂಡಲೇ ತಂತಿ ಬಿಚ್ಚಿಡುತ್ತೇನೆ. ಗ್ರೌಂಡಿಗೆ ಅಂತ ಬುಡದ ಸುತ್ತ 16 ತಂತಿ ಹೂತಿದ್ದೆ. ಅಡಿಕೆಗೆ ಮಣ್ಣು ಹಾಕುವಾಗ ಹಾರೆ ತಾಗಿ ಅವುಗಳಲ್ಲಿ ಎರಡು ತಂತಿ ತುಂಡಾಗಿವೆ. ಈ ಭಾನುವಾರ ಜೋಡಿಸಬೇಕು.