ಮೂರು ಗಂಟೆ ತನಕ ಅಮ್ಮನದೇ ಕಾರುಬಾರು

"ಅಮ್ಮ ಕೊಟ್ಟಿದ್ದನ್ನ ಅಳಿಸಬೇಕು ಚಿಕ್ಕಮ್ಮ. ಇಲ್ಲಾಂದ್ರೆ ಮರಿ ಸರಿಯಾಗಿ ಆಗಲ್ಲ."

ಅಕ್ಕನ ಮಗಳು ಭಾನುವಾರ ಆಡಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಅವಳು ಹೇಳಿದ್ದು ಮೀನಿನ ವಿಷಯ, ನಿಜ. ಮುಂಬೈ ಕೊಲಾಬಾದ ಲ್ಯಾಬಿನಲ್ಲಿ ಜೀಬ್ರಾ ಮೀನಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಭಾವನ ಲೆಕ್ಕದಲ್ಲಿ ಅದು ಇವತ್ತಿಗೂ ಅಕ್ವೇರಿಯಂ ತೊಳೆಯೋ ಕೆಲಸ. ಅವರಿಗೆ ಬ್ಯಾಂಕ್ ಬಿಟ್ಟರೆ ಬೇರೆ ಉದ್ಯೋಗವೇ ಕಾಣುವುದಿಲ್ಲ.

ಮಾಟುಂಗದಿಂದ ಬೆಳಿಗ್ಗೆಯೇ ಹೊರಟಿದ್ದೆ. ದೀಪ ಹಾಕಿದರೆ ಮೀನಿಗೆ ಬೆಳಗಾದಂತೆ. ಗಂಡು ಹೆಣ್ಣಿನ ನಡುವಿನ ತಡೆ ತೆಗೆದರು, ಮೊಟ್ಟೆ ಬಿತ್ತು. ಒಂದು ಮಿಲಿಮೀಟರ್‌ಗಿಂತ ಚಿಕ್ಕದು, ಗಾಜಿನಷ್ಟು ತಿಳಿ. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಮೊಟ್ಟೆಯ ಮೇಲೆ ಗುಬುಟಿನಂತೆ ಕೂತ ಕೋಶದ ನಡುವೆ ಒಂದು ಗೆರೆ ಬಿತ್ತು. ಎರಡಾಯಿತು. ಕಾಲು ಗಂಟೆಗೆ ನಾಲ್ಕು, ಮತ್ತೆ ಕಾಲು ಗಂಟೆಗೆ ಎಂಟು. ಎಲ್ಲವೂ ಒಟ್ಟಿಗೇ ಒಡೆಯುತ್ತವೆ, ಒಂದೂ ಹಿಂದೆ ಬೀಳುವುದಿಲ್ಲ.

"ಇದನ್ನೆಲ್ಲ ಮಾಡಿಸ್ತಿರೋದು ಯಾರೇ?" ಅಂದೆ.

"ಅಮ್ಮ."

ಮರಿಯ ಸ್ವಂತ ಜೀನುಗಳು ಆಗಿನ್ನೂ ಮಲಗಿರುತ್ತವಂತೆ. ತಾಯಿ ಮೊಟ್ಟೆಯೊಳಗೆ ತುಂಬಿಟ್ಟ ಆರ್‌ಎನ್‌ಎ, ಅಂದರೆ ಅವಳ ಜೀನುಗಳ ಸಂದೇಶಗಳು, ಮತ್ತು ಪ್ರೋಟೀನುಗಳದೇ ಕಾರುಬಾರು. 'ಫ್ಯೂಟೈಲ್ ಸೈಕಲ್' ಅಂತ ಒಂದು ಮ್ಯುಟೆಂಟ್, ಅಂದರೆ ಜೀನು ಕೆಟ್ಟ ತಳಿ, ಇದೆ. ಅದರಲ್ಲಿ ತಾಯಿ ತಂದೆಯ ನ್ಯೂಕ್ಲಿಯಸ್, ಅಂದರೆ ಡಿಎನ್‌ಎ ಇರುವ ಗೂಡು, ಒಂದಾಗುವುದೇ ಇಲ್ಲ. ಆದರೂ ಕೋಶಗಳು ಒಡೆಯುತ್ತಲೇ ಹೋಗುತ್ತವೆ, ಎಷ್ಟೋ ಕೋಶಗಳಲ್ಲಿ ಡಿಎನ್‌ಎ ಇಲ್ಲದೆಯೇ! ಅದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಒಳಗೆ ಏನೂ ಇಲ್ಲ, ಅಮ್ಮ ಹೇಳಿದ್ದಾಳೆ ಅಂತ ಸುಮ್ನೆ ಒಡೆಯುವುದು.

ಮೊಟ್ಟೆ ಬಿದ್ದು ಮೂರು ಗಂಟೆಯಾಗುವ ಹೊತ್ತಿಗೆ, ಸಾವಿರದಷ್ಟು ಕೋಶಗಳಾದ ಮೇಲೆ, ಓಟ ನಿಧಾನವಾಗುತ್ತದೆ. ಒಂದೊಂದೂ ತನ್ನ ಪಾಡಿಗೆ ಒಡೆಯತೊಡಗುತ್ತದೆ. ಮರಿಯ ಜೀನು ಎದ್ದಿತು ಅಂತ ಅರ್ಥ. ಎದ್ದ ಕೂಡಲೇ ಮಾಡುವ ಮೊದಮೊದಲ ಕೆಲಸಗಳಲ್ಲಿ ಒಂದು, 'ಮಿರ್-430' ಅನ್ನುವ ಪುಟ್ಟ ಆರ್‌ಎನ್‌ಎ ತಯಾರಿಸುವುದು. ಅದು ಅಮ್ಮನ ಸಂದೇಶಗಳನ್ನು ಹುಡುಕಿ ಹುಡುಕಿ ಅಳಿಸುತ್ತದೆ. ಮಜಾ ಏನೆಂದರೆ, ಮರಿಯ ಜೀನನ್ನು ಎಬ್ಬಿಸುವ 'ನ್ಯಾನೋಗ್' ಪ್ರೋಟೀನು ಕೂಡ ಅಮ್ಮನ ಸಂದೇಶದಿಂದಲೇ ಆದದ್ದು. ತನ್ನನ್ನು ಅಳಿಸುವವರನ್ನು ತಾನೇ ಎಬ್ಬಿಸಿ ಹೋಗುವ ತಾಯಿ!

ನಮ್ಮಕ್ಕ ಅಂಥವಳಲ್ಲ. ಇಪ್ಪತ್ತಾರರ ಮಗಳಿಗೆ ಉಡುಪಿಯಿಂದ ದಿನಾ ವಾಯ್ಸ್ ಮೆಸೇಜ್: ಎಣ್ಣೆ ಹಾಕ್ಕೋ, ರಾತ್ರಿ ಲೋಕಲ್ ಹತ್ತಬೇಡ. ಹುಡುಗಿ ಕೇಳದೇ ಡಿಲೀಟ್ ಮಾಡುವುದನ್ನು ನೋಡಿದ್ದೇನೆ. ನನಗೇನೂ ತಪ್ಪು ಅನಿಸಲಿಲ್ಲ. ನಮ್ಮಮ್ಮನ ಮಾತನ್ನು ನಾನು ಇಷ್ಟು ಬೇಗ ಅಳಿಸಿದ್ದರೆ ಹತ್ತು ವರ್ಷ ಮೊದಲೇ ಕೆಲಸಕ್ಕೆ ಸೇರಿರುತ್ತಿದ್ದೆನೋ ಏನೋ.

ರಾತ್ರಿ ಅಕ್ಕನಿಗೆ ಫೋನ್ ಮಾಡಿ, ಸ್ವಲ್ಪ ಚುಚ್ಚುವ ಆಸೆಯಿಂದಲೇ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಆಯ್ತು, ಅಳಿಸ್ಲಿ. ಆಮೇಲೆ ಆ ಮರಿ ತಿನ್ನೋದೇನು?"

"ಮೊಟ್ಟೆಯ ಹಳದಿ. ಒಂದು ನಾಲ್ಕೈದು ದಿನ."

"ಅದು ಯಾರದ್ದೇ?"